ಅಕ್ಕಲ ಹುಶಾರಿಯ ಖರೇದಿ

ಮನೆ ಕೊಳ್ಳುವಾಗ ಕೊಡುವ ಮುಂಗಡಕ್ಕೆ ಸಂಚಕಾರ ಎಂದು ಹೆಸರಿಟ್ಟ ಪುಣ್ಯಾತ್ಮ ತಾನೂ ಒಂದು ಮನೆ ಕೊಂಡು ನೊಂದವನೇ ಇರಬೇಕು. ಮುಂಗಡಕ್ಕೂ ಅದೇ ಮಾತು, ಜೀವಕ್ಕೆ ಬರುವ ಕುತ್ತಿಗೂ ಅದೇ ಮಾತು. ಮಹಾರಾಷ್ಟ್ರದ ಅಕ್ಕಲಕೋಟೆ ಸೀಮೆಯ ಕರಜಗಿಯಲ್ಲಿ ನಮ್ಮ ಕಾಕಾ ಗೋಡೆಗೆ ಗೋಡೆ ಹತ್ತಿದ ದಾಯಾದಿಯ ಮನೆಗೆ ಸಂಚಕಾರ ಕೊಟ್ಟು, ಬೆಲ್ಲ-ಕೊಬ್ಬರಿ ಬಾಯಿಗೆ ಹಾಕಿಕೊಂಡು, "ಮನಿ ಆತು ನೋಡು ತಮ್ಮಾ" ಎಂದು ಮೀಸೆ ತೀಡಿದ ದಿನ ಅವರಿಗೆ ಮೊದಲನೆಯ ಅರ್ಥ ಮಾತ್ರ ಗೊತ್ತಿತ್ತು. ಎರಡನೆಯದು ಕಂತುಕಂತಾಗಿ ಬಂತು.

ಮನೆಯೇನು ಅರಮನೆಯಲ್ಲ. ಎರಡಂಕಣದ ಮಣ್ಣಿನ ಮಾಳಿಗೆ, ಮುಂದೊಂದು ಪಡಸಾಲೆ, ಹಿತ್ತಲಲ್ಲಿ ಒಂದು ಬೇವಿನ ಮರ. ಮಾರುವವರು ಸಂಬಂಧದಲ್ಲಿ ನನಗೆ ದೊಡ್ಡಪ್ಪ. ಮಗ ಪುಣೆಯಲ್ಲಿ ನೆಲೆ ನಿಂತಿದ್ದಾನೆ, ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ದೊಡ್ಡಪ್ಪನ ಮೊದಲ ಸಲಹೆ ಬಹಳ ಸರಳವಾಗಿತ್ತು.

"ನಮ್ಮ ನಮ್ಮೊಳಗ ಕಚೇರಿ ಯಾಕೋ? ಒಂದ್ ಬಾಂಡ್ ತರೂಣು, ನಾಕ್ ಮಂದಿ ಹಿರ್ಯಾರ ಸಹಿ ಹಾಕ್ಸೂಣು, ಮುಗೀತು."

ನಮ್ಮ ಕಡೆ ಎಷ್ಟೋ ಮನೆಗಳು ಹೀಗೇ ಕೈ ಬದಲಾಗಿವೆ. ಬಾಂಡ್ ಪೇಪರಿನಲ್ಲಿ ಮಾರಿದ ಅಜ್ಜ ಸತ್ತ, ಕೊಂಡ ಅಜ್ಜ ಸತ್ತ, ಸಾಕ್ಷಿ ಹಾಕಿದ ನಾಲ್ವರೂ ಸತ್ತರು, ಗೆದ್ದಲು ಮಾತ್ರ ಇನ್ನೂ ಬದುಕಿದೆ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಆಸ್ತಿಯ ಮಾರಾಟ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಹೇಳುತ್ತದೆ. ಆ ನೂರು ರೂಪಾಯಿಯನ್ನು ಇಂದಿಗೂ ಯಾರೂ ತಿದ್ದಿಲ್ಲ. ಅತ್ತ ಮಹಾರಾಷ್ಟ್ರ ಸರಕಾರ 2024ರ ಅಕ್ಟೋಬರಿನಲ್ಲಿ ನೂರು, ಇನ್ನೂರರ ಮುದ್ರಾಂಕದಲ್ಲಿ ನಡೆಯುತ್ತಿದ್ದ ಕಾಗದಗಳನ್ನೆಲ್ಲ ಐನೂರಕ್ಕೆ ಏರಿಸಿತು. ಅಂದರೆ ಕಾನೂನಿನ ಕಣ್ಣಲ್ಲಿ ಮನೆಯ ಬೆಲೆ ನೂರಕ್ಕೆ ಮುಟ್ಟಿದರೆ ಸಾಕು, ಅದನ್ನು ಬರೆಯುವ ಖಾಲಿ ಕಾಗದದ ಬೆಲೆ ಐನೂರು. ಈ ಲೆಕ್ಕದಲ್ಲಿ ಕಾಕಾ ಕಾಗದವನ್ನೇ ಕೊಂಡು, ಮನೆಯನ್ನು ಅದಕ್ಕೆ ಪಿನ್ನು ಹೊಡೆದು ತರಬಹುದಿತ್ತು.

ಮುದ್ರಾಂಕದ ಮಾತು ಬಂದಾಗ ನಮ್ಮ ಗಡಿನಾಡಿನ ಒಂದು ಕೊಡುಗೆಯನ್ನು ನೆನೆಯದಿದ್ದರೆ ಅಪಚಾರ. ನಕಲಿ ಛಾಪಾ ಕಾಗದವನ್ನು ದೇಶಕ್ಕೆಲ್ಲ ಹಂಚಿದ ಅಬ್ದುಲ್ ಕರೀಂ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ಅವನ ಕಾಗದ ಯಾವುದು, ನಾಸಿಕದ ಸರಕಾರಿ ಕಾಗದ ಯಾವುದು ಎಂದು ಕೊಂಡವರಿಗೆ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ, ಏಕೆಂದರೆ ಛಾಪಾ ಕಾಗದದಲ್ಲಿ ಜನ ನೋಡುವುದು ಮೇಲಿನ ಚಿತ್ರವನ್ನು. ಕೆಳಗಿನ ಬರಹವನ್ನು ಓದುವ ರೂಢಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇರಲಿ, ಕಾಕಾ ಪಕ್ಕಾ ಖರೇದಿಯೇ ಆಗಬೇಕೆಂದರು. ಪಕ್ಕಾ ಖರೇದಿಗೆ ಮೊದಲು ಮನೆ ದೊಡ್ಡಪ್ಪನದೇ ಎಂದು ತೋರಿಸಬೇಕು. ಹೊಲವಾಗಿದ್ದರೆ ಸಾತಬಾರಾ ಇರುತ್ತಿತ್ತು. ಗಾವ ನಮುನೆ ಏಳು, ಗಾವ ನಮುನೆ ಹನ್ನೆರಡು ಎರಡೂ ಕೂಡಿದ ಆ ಉತಾರವೆಂದರೆ ನಮ್ಮ ಕಡೆ ಜಾತಕಕ್ಕಿಂತ ದೊಡ್ಡದು. ಕನ್ಯೆ ನೋಡಲು ಹೋದವರೂ ಮೊದಲು ಅದನ್ನೇ ಕೇಳುತ್ತಾರೆ. ಆದರೆ ಮನೆ ಇರುವುದು ಗಾವಠಾಣದಲ್ಲಿ, ಅಂದರೆ ಊರಿನ ವಸತಿ ಜಾಗದಲ್ಲಿ. ಅಲ್ಲಿ ಸಾತಬಾರಾ ಇಲ್ಲ, ಗ್ರಾಮಪಂಚಾಯತಿಯ ನಮುನೆ ಎಂಟು ಇದೆ. ಎಂಟು ಬೇರೆ, ಎಂಟು-ಅ ಬೇರೆ. ಮೊದಲನೆಯದು ಮನೆಪಟ್ಟಿಯ ಲೆಕ್ಕ, ಎರಡನೆಯದು ಹೊಲದ ಖಾತೆ. ಇದು ಗೊತ್ತಾಗುವುದಕ್ಕೆ ಕಾಕಾ ಎರಡು ಸಲ ತಪ್ಪು ಉತಾರ ತಂದರು, ಎರಡು ಸಲವೂ ಚಹಾ ಕುಡಿಸಿದರು.

ಸರಿಯಾದ ಎಂಟು ಕೈಗೆ ಬಂದ ಮೇಲೆ ವಕೀಲರು ಹೇಳಿದರು: "ಇದು ಮಾಲಕಿ ಪುರಾವಾ ಅಲ್ರಿ, ಬರೇ ಪಟ್ಟಿ ತುಂಬಿದ್ದಕ್ಕ." ಮೂವತ್ತು ನಲವತ್ತು ವರ್ಷ ತಪ್ಪದೆ ಮನೆಪಟ್ಟಿ ವಸೂಲು ಮಾಡಿದ ಸರಕಾರ, ಮನೆ ಯಾರದು ಎಂದು ಕೇಳಿದ ಕೂಡಲೇ "ನಮಗೇನು ಗೊತ್ತು" ಎನ್ನುತ್ತದೆ. ಕೊಡುವಾಗ ನೀನೇ ಯಜಮಾನ, ಕೇಳುವಾಗ ನೀನು ಯಾರು?

ಈ ಗೊಂದಲ ಕಳೆಯಲೆಂದೇ 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಬಂತು. ಡ್ರೋನ್ ಹಾರಿಸಿ ಗಾವಠಾಣದ ಮನೆಮನೆಯ ನಕ್ಷೆ ತೆಗೆದು ಪ್ರಾಪರ್ಟಿ ಕಾರ್ಡು ಕೊಡುವುದು ಅದರ ಕೆಲಸ. ಮಹಾರಾಷ್ಟ್ರ ಅದಕ್ಕೂ ಮುಂಚೆಯೇ ಪುಣೆ ಜಿಲ್ಲೆಯ ಸೋನೋರಿಯಲ್ಲಿ ಇದನ್ನು ಮಾಡಿ ನೋಡಿತ್ತು. ಯೋಜನೆ ಒಳ್ಳೆಯದೇ, ಇದರಲ್ಲಿ ನನಗೆ ಕುಹಕವಿಲ್ಲ. ಆದರೆ ಡ್ರೋನಿಗೆ ಕಾಣುವುದು ಮಾಳಿಗೆ. ಮಾಳಿಗೆಯ ಕೆಳಗೆ ಅಣ್ಣತಮ್ಮಂದಿರು ಎಳೆದುಕೊಂಡ ಗೆರೆ ಎಷ್ಟು, ಅಕ್ಕತಂಗಿಯರಿಗೆ ಎಳೆಯದೇ ಬಿಟ್ಟ ಗೆರೆ ಎಷ್ಟು ಎಂಬುದು ಎಷ್ಟು ಎತ್ತರದಿಂದ ನೋಡಿದರೂ ಕಾಣದು.

ಅಕ್ಕತಂಗಿಯರ ವಿಷಯಕ್ಕೆ ಬರಬೇಕಾದದ್ದೇ. ದೊಡ್ಡಪ್ಪನಿಗೆ ಇಬ್ಬರು ತಂಗಿಯರು, ನನಗೆ ಅತ್ತೆಯರು. ದೊಡ್ಡತ್ತೆಯನ್ನು ಭೀಮಾ ನದಿಯಾಚೆ ಇಂಡಿ ಕಡೆ ಕೊಟ್ಟಿದೆ, ಸಣ್ಣತ್ತೆಯನ್ನು ಅಫಜಲಪುರ ಕಡೆ. ಇಬ್ಬರ ಆಧಾರ್ ಕಾರ್ಡೂ ಕನ್ನಡದಲ್ಲಿದೆ, ಹಕ್ಕು ಮಾತ್ರ ಮಹಾರಾಷ್ಟ್ರದಲ್ಲಿ ಉಳಿದಿದೆ. ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದು ಮಹಾರಾಷ್ಟ್ರ 1994ರಲ್ಲಿ ಹೇಳಿತು, ಕೇಂದ್ರ 2005ರಲ್ಲಿ ಹೇಳಿತು. ಅಪ್ಪ ಯಾವಾಗ ಸತ್ತಿದ್ದರೂ ಸರಿ, ಹುಟ್ಟಿನಿಂದಲೇ ಪಾಲು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಮೂರು ಸಲ ಹೇಳಿದ ಮಾತು ನಮ್ಮ ಪಡಸಾಲೆಗೆ ತಲುಪುವಷ್ಟರಲ್ಲಿ ಒಂದು ಸೀರೆಯಾಗಿರುತ್ತದೆ.

ಪಾಲು ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳುವ ಹಕ್ಕಸೋಡ ಪತ್ರದ ಶಾಸ್ತ್ರ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಗಿಯನ್ನು ತವರಿಗೆ ಕರೆಯಬೇಕು. ಹೋಳಿಗೆ ಮಾಡಬೇಕು. ಅವ್ವನ ಹೆಸರು ತೆಗೆದು ಅಣ್ಣ ಎರಡು ಹನಿ ಕಣ್ಣೀರು ಹಾಕಬೇಕು. ಹೊಸ ಸೀರೆ, ಕುಪ್ಪಸದ ಕಣ, ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ಉಡಿಗೆ ಹಾಕಬೇಕು. ಉಡಿ ತುಂಬುತ್ತಿದ್ದ ಹಾಗೆ ಹಕ್ಕು ಖಾಲಿಯಾಗುತ್ತದೆ. ಸೀರೆ ಬೇಡ, ಪಾಲು ಕೊಡು ಎಂದವಳಿಗೆ ತವರೂರಿನ ಬಸ್ಸು ಅಲ್ಲಿಗೆ ಬಂದ್. ದೊಡ್ಡಪ್ಪ ಸೊಲ್ಲಾಪುರದಿಂದಲೇ ಎರಡು ಇಳಕಲ್ ಸೀರೆ ತರಿಸಿದರು. ಹೆಣ್ಣುಮಕ್ಕಳ ಹಕ್ಕಿನ ಮಾರುಕಟ್ಟೆ ದರ ಸರಕಾರದ ಯಾವ ರೆಡಿ ರೆಕನರಿನಲ್ಲೂ ಇಲ್ಲ, ಆದರೆ ಸೀರೆ ಅಂಗಡಿಯವನಿಗೆ ಬಾಯಿಪಾಠ. "ಸಹಿಗೆ ತೊಗೊತೀರೇನ್ರಿ?" ಎಂದು ಅವನೇ ಕೇಳಿ ಅಂಥ ಸೀರೆಗಳ ಗಂಟು ಬಿಚ್ಚುತ್ತಾನೆ.

ಅದೇ ವಾರ ಕಾಕಾ ಸ್ತ್ರೀವಾದಿಯಾದರು. ಮನೆ ಹೆಂಗಸಿನ ಹೆಸರಿಗೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದು ಕಮ್ಮಿ ಎಂದು ಮಹಾರಾಷ್ಟ್ರ 2021ರ ಏಪ್ರಿಲ್‌ನಿಂದ ಕೊಟ್ಟಿರುವ ಸವಲತ್ತು ಅವರ ಕಿವಿಗೆ ಬಿತ್ತು. ಮೂವತ್ತು ವರ್ಷ ಸಂತೆಯ ಚೀಲ ಬಿಟ್ಟರೆ ಬೇರೇನನ್ನೂ ಹೆಂಡತಿಯ ಕೈಗೆ ಕೊಡದ ಮನುಷ್ಯ, "ಮನಿ ನಿನ್ನ ಹೆಸರಿಗೇ ಆಗ್ಲಿ" ಎಂದಾಗ ಕಾಕು ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು, ಜ್ವರ ಬಂದಿದೆಯೇನೋ ಎಂದು. ಸವಲತ್ತು ಬಂದಾಗ ಅದಕ್ಕೊಂದು ಬಾಲವೂ ಇತ್ತು. ಹಾಗೆ ಕೊಂಡ ಹೆಂಗಸು ಹದಿನೈದು ವರ್ಷ ಆ ಮನೆಯನ್ನು ಗಂಡಸಿಗೆ ಮಾರುವಂತಿರಲಿಲ್ಲ. 2023ರಲ್ಲಿ ಆ ಬಾಲ ಕತ್ತರಿಸಿದರು. ಹದಿನೈದು ವರ್ಷ ಹೆಂಡತಿಯ ಹೆಸರಿನಲ್ಲಿ ಮನೆ ಸುಮ್ಮನೆ ಕೂತಿರುವುದೆಂದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ.

ಈಗ ಕೊಳ್ಳುವವರು ಕಾಕು. ಕಾಕು ಯಾರು? ಇದು ತತ್ವಜ್ಞಾನದ ಪ್ರಶ್ನೆ ಎಂದುಕೊಳ್ಳಬೇಡಿ, ಐನೂರು ರೂಪಾಯಿಯ ಪ್ರಶ್ನೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ದಾಖಲೆಯಲ್ಲಿ ಅವರಿಗೆ ಅಪ್ಪನ ಹೆಸರು, ಅಡ್ಡಹೆಸರೂ ತವರಿನದು. ಮದುವೆಯಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಬರೆದ ಹೆಸರು ಇನ್ನೊಂದು, ರೇಶನ್ ಕಾರ್ಡಿಗೆ ಹೋದದ್ದು ಅದೇ. ಆಧಾರಿನವನು ಮರಾಠಿಯಲ್ಲಿ ಬರೆದುಕೊಂಡ. ಆ ಲಿಪಿಯಲ್ಲಿ ನಮ್ಮ ಎಕಾರಕ್ಕೂ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಭೇದವಿಲ್ಲದ್ದರಿಂದ ಹೆಸರು ಒಂದು ಮಾತ್ರೆ ಉದ್ದವಾಯಿತು. ಅದನ್ನು ಇಂಗ್ಲಿಷಿಗೆ ತಿರುಗಿಸಿದ ಯಂತ್ರ ನಾಲ್ಕನೆಯ ಹೆಂಗಸನ್ನು ಹುಟ್ಟಿಸಿತು. ಈ ನಾಲ್ವರೂ ಒಬ್ಬಳೇ ಎಂದು ಕಾಕು ಐನೂರರ ಕಾಗದದಲ್ಲಿ ಪ್ರಮಾಣ ಮಾಡಬೇಕಾಯಿತು. ಗುರುಗಳು ನಾನಾರು ಎಂದು ಕೇಳಿಕೋ ಎನ್ನುತ್ತಾರೆ. ಕಚೇರಿ ನಾನೇ ನಾನು ಎಂದು ಬರೆದುಕೊಡು ಎನ್ನುತ್ತದೆ. ಎರಡನೆಯದಕ್ಕೆ ನೋಟರಿಯ ಸಿಕ್ಕಾ ಬೇಕು.

ಇನ್ನು ಖರೇದಿಖತ. ಇದು ಬಾಂಡ್ ರೈಟರ್ ಬರೆಯುವ ಕಾವ್ಯ. ಬರೆಯುವುದು ಎಂದರೆ ಹಿಂದಿನ ಗಿರಾಕಿಯ ಪತ್ರ ತೆರೆದು ಹೆಸರು ಅಳಿಸಿ ಹೆಸರು ಹಾಕುವುದು. ಆದರೂ ಆ ಮರಾಠಿಯ ಗತ್ತು ನೋಡಬೇಕು. ಕಾಕು ಕೊಳ್ಳುತ್ತಿದ್ದದ್ದು ಎರಡಂಕಣದ ಸೋರುವ ಮನೆ, ಪತ್ರ ಕೊಡುತ್ತಿದ್ದದ್ದು ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ. ನಮ್ಮ ಹಳೆಯ ಕನ್ನಡ ಶಾಸನಗಳ ಅಷ್ಟಭೋಗ ತೇಜಸ್ಸಾಮ್ಯವೇ ವೇಷ ಬದಲಿಸಿ ಇಲ್ಲಿ ಬಂದಿದೆ. ಜಲವೆಂದರೆ ಟ್ಯಾಂಕರ್ ಬಂದ ದಿನ ಎರಡು ಕೊಡ. ತರುವೆಂದರೆ ಆ ಒಂದು ಬೇವಿನ ಮರ. ಪಾಷಾಣಕ್ಕೆ ಕೊರತೆಯಿಲ್ಲ, ಗೋಡೆ ಕುಸಿದಾಗಲೆಲ್ಲ ಕಾಲಮೇಲೆ ಬೀಳುತ್ತದೆ. ಉಳಿದದ್ದು ನಿಧಿ. ಅದನ್ನು ಪತ್ರ ಈ ಕೈಯಲ್ಲಿ ಕೊಟ್ಟರೆ, 1878ರ ನಿಧಿ ಕಾಯ್ದೆ ಆ ಕೈಯಲ್ಲಿ ಹಿಡಿದಿದೆ: ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಕಲೆಕ್ಟರರಿಗೆ ತಿಳಿಸತಕ್ಕದ್ದು. ಶಾಸನದ ಕಾಲದಲ್ಲಿ ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಎಂದು ಶಪಿಸುತ್ತಿದ್ದರು. ಈಗ ಆ ಜಾಗದಲ್ಲಿ ವಾದ ಬಂದರೆ ಮಾರುವವರೇ ಖರ್ಚು ಭರಿಸುತ್ತಾರೆ ಎಂಬ ಸಾಲಿದೆ. ಹುಳುವಿನ ಭಯವೇ ಗಟ್ಟಿ ಇತ್ತು ಅನ್ನಿಸುತ್ತದೆ.

ಕಾವ್ಯದ ಕೊನೆಯಲ್ಲಿ ಫಲಶ್ರುತಿ. ಈ ಖರೇದಿಖತವನ್ನು ನಾನು ರಾಜೀಖುಷಿಯಿಂದ, ಅಕ್ಕಲ ಹುಶಾರಿಯಿಂದ, ಓದಿ, ತಿಳಿದು ಬರೆದುಕೊಟ್ಟಿದ್ದೇನೆ ಎಂದು. ಅಕ್ಕಲ ಎಂದರೆ ಬುದ್ಧಿ. ಅಕ್ಕಲಕೋಟೆಯ ಸೀಮೆಯಲ್ಲಿ ಈ ಮಾತನ್ನು ಓದುವುದರ ಸೊಗಸೇ ಬೇರೆ. ಅದರ ಕೆಳಗೆ ಸಹಿ ಹಾಕುವವರಲ್ಲಿ ದೊಡ್ಡಪ್ಪನಿಗೆ ಸಂತೆಯ ಮರಾಠಿ ಬರುತ್ತದೆ, ಕಚೇರಿಯ ಮರಾಠಿ ಬರದು. ಅತ್ತೆಯರಿಗೆ ಯಾವ ಮರಾಠಿಯೂ ಬರದು. ಕಾಕು ನಾಲ್ಕನೆಯ ಇಯತ್ತೆವರೆಗೆ ಕನ್ನಡ ಕಲಿತವರು, ಓದುವುದು ಪುರಾಣದ ಪುಸ್ತಕ ಮತ್ತು ಬಸ್ಸಿನ ಬೋರ್ಡು. ಸಾಕ್ಷಿಗಳಿಬ್ಬರು ಚಹಾದ ಅಂಗಡಿಯಿಂದ ಎದ್ದು ಬಂದವರು. ಓದಬಲ್ಲವನು ಬಾಂಡ್ ರೈಟರ್ ಒಬ್ಬನೇ. ಅವನಿಗೆ ಪುರುಸೊತ್ತಿಲ್ಲ.

ಕನ್ನಡದಲ್ಲೇ ಬರೆಸಬಾರದೇಕೆ ಎಂದು ನಾನು ಕೇಳಿದೆ. ಬಾಂಡ್ ರೈಟರ್ ನನ್ನನ್ನು ಮೊದಲು ನೋಡಿದ, ಆಮೇಲೆ ಕಾಕಾನನ್ನು ನೋಡಿದ, ಹುಡುಗನಿಗೆ ಮದುವೆ ಆಗಿದೆಯೇ ಎಂಬಂತೆ. "ಫಾರ್ಮ್ಯಾಟ್ ಮರಾಠ್ಯಾಗ ಅದ್ರಿ" ಎಂದ. 1908ರ ನೋಂದಣಿ ಕಾಯ್ದೆಯ 19ನೇ ಕಲಮು ಹೇಳುವುದು ಬೇರೆ. ನೋಂದಣಿ ಅಧಿಕಾರಿಗೆ ತಿಳಿಯದ, ಮತ್ತು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರ ಬಂದರೆ ಅನುವಾದವಿಲ್ಲದೆ ತೆಗೆದುಕೊಳ್ಳಬಾರದು. ಆ 'ಮತ್ತು' ಬಹಳ ದೊಡ್ಡ ಮಾತು. ಕನ್ನಡ ಈ ಸೀಮೆಯಲ್ಲಿ ಬಳಕೆಯಲ್ಲಿ ಇದೆಯೋ ಇಲ್ಲವೋ ತಿಳಿಯಲು ಯಾವ ಆಯೋಗವೂ ಬೇಡ. ಕಚೇರಿಯ ಹೊರಗಿನ ಬೇವಿನ ಮರದ ಕೆಳಗೆ ಹತ್ತು ನಿಮಿಷ ನಿಂತರೆ ಸಾಕು. ಅಲ್ಲಿ ಜಗಳ ಕನ್ನಡದಲ್ಲಿ, ಚೌಕಾಶಿ ಕನ್ನಡದಲ್ಲಿ, ಬೈಗುಳವಂತೂ ಅಪ್ಪಟ ಕನ್ನಡದಲ್ಲಿ. ಹೊಸ್ತಿಲು ದಾಟಿದ ಕೂಡಲೇ ಬಳಕೆ ನಿಲ್ಲುತ್ತದೆ. ಆದರೆ ಕಲಮು ತಿಳಿದ ಮಾತ್ರಕ್ಕೆ ಫಾರ್ಮ್ಯಾಟ್ ಬದಲಾಗದು, ನಾನೂ ಹಟ ಮಾಡಲಿಲ್ಲ. ಒಂದು ದಿನದ ಕೂಲಿ ಕಳೆದುಕೊಂಡು ಬಂದ ಆರು ಜನರನ್ನು ಭಾಷಾಪ್ರೇಮಕ್ಕಾಗಿ ಕಾಯಿಸುವಷ್ಟು ದೊಡ್ಡ ಕನ್ನಡಿಗ ನಾನಲ್ಲ.

ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ಇದೇ ಸೊಲ್ಲಾಪುರ ಜಿಲ್ಲೆಯಲ್ಲಿ, ಭೀಮಾ ಮತ್ತು ಸೀನಾ ಕೂಡುವ ಹತ್ತರಸಂಗ ಕೂಡಲದ ಗುಡಿಯಲ್ಲಿ 1018ನೇ ಇಸವಿಯ ಶಾಸನವೊಂದಿದೆ, ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಇದನ್ನು ಓದಿದವನು ಗೆಲ್ಲುತ್ತಾನೆ ಎಂಬುದು ಅದರ ಮರಾಠಿ ಸಾಲಿನ ತಾತ್ಪರ್ಯ. ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಕೊರೆದವನಿಗೆ ಇದ್ದ ಬುದ್ಧಿ ಫಾರ್ಮ್ಯಾಟ್ ಮಾಡಿದವನಿಗೆ ಇರಲಿಲ್ಲ. ಕಲ್ಲು ಓದು ಎಂದಿತು. ಕಾಗದ, ಓದಿದ್ದೀಯ ಎಂದು ತಾನೇ ಬರೆದುಕೊಂಡುಬಿಡುತ್ತದೆ.

ನೋಂದಣಿಯ ದಿನದ್ದು ಹೆಚ್ಚು ಹೇಳುವುದಿಲ್ಲ. ಕಚೇರಿ ಯಾವುದು ಎಂದು ಕೇಳಬೇಡಿ. ಎಲ್ಲ ಕಡೆಯೂ ಅದೇ ಬೆಂಚು, ಅದೇ 'ಸರ್ವರ್ ಡೌನ್'. ಬೆಂಚಿನ ಮೇಲೆ ಕುಳಿತು ಕಾಯುವಾಗ ನನಗೊಂದು ಚಪಲ ಹುಟ್ಟಿತು. ಮನೆಯ ಮೇಲೆ ವಕೀಲರು 30 ವರ್ಷದ ಸರ್ಚ್ ರಿಪೋರ್ಟ್ ತೆಗೆದಿದ್ದರು. ಊರಿನ ಮೇಲೆ ತೆಗೆಸಿದರೆ ಹೇಗೆ? ಭೋಸಲೆಯವರ ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1956ರಲ್ಲಿ ವಿಜಯಪುರ, ಬೆಳಗಾವಿಗಳು ಮೈಸೂರಿನ ಪಾಲಿಗೆ ಹೋದಾಗ ನಾವು ಇಲ್ಲೇ ಉಳಿದೆವು. 1960ರ ಮೇ 1ರಂದು ಖಾತೆ ಮಹಾರಾಷ್ಟ್ರದ ಹೆಸರಿಗೆ ಹತ್ತಿತು. 1967ರಲ್ಲಿ ಗಡಿ ತಂಟೆಯ ಮಹಾಜನ್ ಆಯೋಗ ವಾಟಣಿ ಪತ್ರ ಬರೆಯಿತು: 264 ಹಳ್ಳಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಕಡೆಯವೂ ಸೇರಿ 247 ಹಳ್ಳಿ ಕರ್ನಾಟಕಕ್ಕೆ. ಆಯೋಗ ಬೇಕೇ ಬೇಕೆಂದು ಹಟ ಹಿಡಿದಿದ್ದ ಮಹಾರಾಷ್ಟ್ರ ವರದಿ ಬಂದ ಮೇಲೆ ಸಹಿ ಹಾಕಲಿಲ್ಲ. ವರದಿಯೇ ಅಂತಿಮ ಎನ್ನುವ ಕರ್ನಾಟಕ ಅದನ್ನು ಟ್ರಂಕಿನಲ್ಲಿಟ್ಟು, ಚುನಾವಣೆ ಹತ್ತಿರ ಬಂದಾಗ ಬಿಸಿಲಿಗೆ ಹಾಕಿ ಮಡಚಿಡುತ್ತದೆ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಸೀಮೆ ನಮಗೆ ಸೇರಬೇಕು ಎಂದದ್ದು ಅಂಥದೇ ಒಂದು ಬಿಸಿಲು. ಬರೆದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ತರಬೇಕೆಂದು ಕಾಯ್ದೆ ಕಾಕಾನಿಗೆ ಹೇಳುತ್ತದೆ. ಮಹಾಜನ್ ಪತ್ರಕ್ಕೆ ಆ ಗಡುವು ಯಾರೂ ಹೇಳಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಇದೆ. ಹೀಗೆ ಊರಿನ ಮೇಲೇ ಬೋಜಾ ಇರುವಾಗ, ಎರಡಂಕಣದ ಮನೆಯ ಟೈಟಲ್ ಕ್ಲಿಯರ್ ಎಂದು ಬರೆದುಕೊಟ್ಟ ವಕೀಲರ ಧೈರ್ಯವನ್ನು ಮೆಚ್ಚಬೇಕು.

ಸಂಜೆ ನಾಲ್ಕಕ್ಕೆ ಸರ್ವರ್ ಎದ್ದಿತು. ಫೋಟೋ ಆಯಿತು. ಹೆಬ್ಬೆರಳಿನ ಯಂತ್ರ ಕಾಕುವನ್ನು ಗುರುತಿಸಲಿಲ್ಲ. ದಿನಾ ಜೋಳದ ರೊಟ್ಟಿ ಬಡಿದು ಬಡಿದು ರೇಖೆ ಸವೆದಿವೆ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಏಳನೆಯ ಸಲಕ್ಕೆ ಯಂತ್ರ ಒಲ್ಲದ ಮನಸ್ಸಿನಿಂದ ಒಪ್ಪಿತು. ಇಷ್ಟೆಲ್ಲ ನೋಡಿದ ಕಚೇರಿ ಒಂದನ್ನು ಮಾತ್ರ ನೋಡಲಿಲ್ಲ. ಮಾರುವವನಿಗೆ ಮಾಲಕಿ ಇದೆಯೋ ಇಲ್ಲವೋ ನೋಡುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ನಿಯಮವೊಂದನ್ನು ರದ್ದು ಮಾಡುತ್ತ ಹೇಳಿದೆ. ಸಹಿ ಯಾರದು ಎಂದು ಹೆಬ್ಬೆರಳು ಹಿಂಡಿ ಹಿಂಡಿ ನೋಡುತ್ತಾರೆ, ಮನೆ ಯಾರದು ಎಂದು ಕೇಳುವುದಿಲ್ಲ.

ಆಮೇಲೆ ಪಂಚಾಯತಿಯಲ್ಲಿ ದೊಡ್ಡಪ್ಪನ ಹೆಸರು ಕಮ್ಮಿ ಮಾಡಿ ಕಾಕುವಿನ ಹೆಸರು ಹತ್ತಿಸುವ ಕೆಲಸ. ಈಚೆಗೆ ಗ್ರಾಮಸೇವಕರು ಗ್ರಾಮಪಂಚಾಯತ ಅಧಿಕಾರಿಯಾದರು, ತಲಾಠಿ ಗ್ರಾಮ ಮಹಸೂಲ ಅಧಿಕಾರಿಯಾದರು. ಸಾಹೇಬರ ಹೆಸರು ರಾಜ್ಯಕ್ಕೆಲ್ಲ ಬದಲಾಯಿತು. ಕಾಕುವಿನದು ಮುಂದಿನ ಮೀಟಿಂಗಿಗೆ.

ಒಂದು ಮಧ್ಯಾಹ್ನ ಕಾಕು ಟ್ರಂಕಿನಿಂದ ಖರೇದಿಖತ ತೆಗೆದು ನನ್ನ ಮುಂದೆ ಇಟ್ಟರು. "ನಿಧಿ ಅಂತ ಏನೋ ಬರ್ದಾರಂತಲ್ಲ ತಮ್ಮಾ, ಯಾವ ಮೂಲ್ಯಾಗಂತ ನೋಡು." ಅದುವರೆಗೆ ಆ ಪತ್ರವನ್ನು ಯಾರೂ ಓದಿರಲಿಲ್ಲ. ನಾನು ಓದಿದೆ. ನಿಧಿ ಸಿಗಲಿಲ್ಲ, ಚತುಃಸೀಮೆ ಸಿಕ್ಕಿತು. ಮೂಡಲಕ್ಕೆ ರಸ್ತೆ ಇರಬೇಕಾದಲ್ಲಿ ಪಕ್ಕದವರ ದನದ ಕೊಟ್ಟಿಗೆ, ಪಡುವಲಕ್ಕೆ ಕೊಟ್ಟಿಗೆ ಇರಬೇಕಾದಲ್ಲಿ ರಸ್ತೆ. ಬಾಂಡ್ ರೈಟರ್ ಹಿಂದಿನ ಗಿರಾಕಿಯ ದಿಕ್ಕುಗಳನ್ನು ಅಳಿಸಲು ಮರೆತಿದ್ದ. ಕಾಗದದ ಪ್ರಕಾರ ಕಾಕು ತಮ್ಮ ಮನೆಗೆ ಹೋಗಬೇಕಾದರೆ ಪರರ ಎಮ್ಮೆಯ ಮಗ್ಗುಲಲ್ಲೇ ಹಾಯಬೇಕು.

ಇದಕ್ಕೆ ಚೂಕ ದುರುಸ್ತಿ ಪತ್ರ ಎಂಬ ಮದ್ದಿದೆ. ಮತ್ತೆ ಮುದ್ರಾಂಕ, ಮತ್ತೆ ಬೆಂಚು, ಮತ್ತೆ ಅದೇ ಎಲ್ಲರ ಸಹಿ. ದೊಡ್ಡಪ್ಪ ಇಂಡಿಗೆ ಫೋನು ಹಚ್ಚಿ, ಸೀರೆಯ ಬಣ್ಣ ಯಾವುದಿರಲಿ ಎಂದು ಕೇಳಿದರು. ದೊಡ್ಡತ್ತೆ ಆ ಕಡೆಯಿಂದ ಹೇಳಿದ್ದು ಪಡಸಾಲೆಯಲ್ಲಿ ಕೂತ ಎಲ್ಲರಿಗೂ ಕೇಳಿಸಿತು: "ಸೀರಿ ಇರ್ಲಿ ಅಣ್ಣಾ. ಹೋದ ಸಲ ನಾ ಏನ್ ಬರ್ಕೊಟ್ಟೀನಿ, ಅದನ್ನ ಮೊದಲ ಓದಿ ಹೇಳು."

ಎರಡನೆಯ ಸಲ ಬಾಂಡ್ ರೈಟರನ ಮೇಜಿನ ಸುತ್ತ ಎಲ್ಲರೂ ಸೇರಿದರು. ಕಾಗದ ಮುದ್ರಿಸುವ ಮೊದಲೇ ಅವನು ಪೆನ್ನು ಮುಂದೆ ಚಾಚಿದ. "ಎಲ್ಲಾ ಬರೋಬ್ಬರಿ ಮಾಡೀನ್ರಿ. ಬಾಯಾರ, ಇಲ್ಲೊಂದು, ಇಲ್ಲೊಂದು ಸಹಿ ಮಾಡ್ರಿ."

ಕಾಕು ಪೆನ್ನು ತೆಗೆದುಕೊಂಡರು, ಮುಚ್ಚಳ ತೆಗೆಯಲಿಲ್ಲ. ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಅವನ ಕಂಪ್ಯೂಟರಿನ ಕಡೆ ಎಳೆದುಕೊಂಡರು.

"ಮೂಡಲಕ್ಕ ಏನ್ ಬರ್ದೀರಿ?"

ಅವನು ಮೌಸ್ ಹಿಡಿದು ಮೇಲಕ್ಕೆ ಸರಿಸತೊಡಗಿದ.